ಡ್ರಾಯಿಂಗ್ ಓದಲು ಬರುತ್ತದೆ, ಮಾತಾಡಲು ಬರುವುದಿಲ್ಲ. ಬಿಸಿನೆಸ್ ಡೆವಲಪ್‌ಮೆಂಟ್‌ಗೆ ಹೋಗಬಹುದಾ?

ಪ್ರಶ್ನೆ: ಮೇಡಂ, ನಮಸ್ಕಾರ. 6 ವರ್ಷದಿಂದ ಲೋಹ ಕತ್ತರಿಸಿ ಪಾರ್ಟ್ ಮಾಡುವ ಒಂದು ಮಷಿನಿಂಗ್ ಕಂಪನಿಯ ಪ್ರೊಡಕ್ಷನ್ ಪ್ಲಾನಿಂಗ್‌ನಲ್ಲಿದ್ದೇನೆ. ಈಗ ಹೊಸ ಗ್ರಾಹಕರನ್ನು, ಆರ್ಡರ್‌ಗಳನ್ನು ತರುವ ಬಿಸಿನೆಸ್ ಡೆವಲಪ್‌ಮೆಂಟ್‌ಗೆ ಬನ್ನಿ ಎಂದು ಕರೆಯುತ್ತಿದ್ದಾರೆ. ನಾನು ಮಾತಿನಲ್ಲಿ ಚುರುಕಲ್ಲ. ಗೊತ್ತಿಲ್ಲದವರಿಗೆ ಫೋನ್ ಮಾಡಿ ಅಂದರೆ ಕೈ ತಣ್ಣಗಾಗುತ್ತದೆ. ಈ ಕೆಲಸದಲ್ಲಿ ದಿನವಿಡೀ ಮಾಡುವುದೇನು? ನನ್ನಂಥವರಿಗೆ ಒಗ್ಗುತ್ತದಾ?

ಉತ್ತರ: ನಮಸ್ಕಾರ. ನಾನೂ ಕ್ವಾಲಿಟಿಯಿಂದ ಈ ಕಡೆ ಬಂದವಳು, 14 ವರ್ಷ ಆಯಿತು. ಮಾತುಗಾರಿಕೆ ಇದ್ದರೆ ಒಳ್ಳೆಯದೇ. ಆದರೆ ನಮ್ಮಲ್ಲಿ ಸಾಮಾನು ಕೊಳ್ಳುವವರು ಮಾತಿಗೆ ಮರುಳಾಗುವವರಲ್ಲ. ಎದುರಿಗೆ ಪರ್ಚೇಸ್‌ನವರು ಕೂತಿರುತ್ತಾರೆ, ಪಕ್ಕದಲ್ಲಿ ಡಿಸೈನ್‌ನವರು, ಸಪ್ಲೈಯರ್ ಕ್ವಾಲಿಟಿಯವರು. 'ಈ ಬೋರ್ 25 ಎಚ್7, ಎಷ್ಟರಲ್ಲಿ ಹಿಡೀತೀರಿ?' ಎಂದು ಕೇಳುತ್ತಾರೆ. ಬೋರ್ ಅಂದರೆ ತೂತು. ಎಚ್7 ಅಂದರೆ 25 ಮಿ.ಮೀ.ಗೆ 21 ಮೈಕ್ರಾನ್ (ಮಿ.ಮೀ.ನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ವ್ಯತ್ಯಾಸಕ್ಕೆ ಜಾಗ. ಯಾವ ಮಷಿನ್‌ನಲ್ಲಿ ಮಾಡುತ್ತೀರಿ, ಅಳತೆಯನ್ನು ಯಾವ ಗೇಜ್‌ನಲ್ಲಿ ನೋಡುತ್ತೀರಿ ಎಂದು ಅಲ್ಲೇ ಹೇಳಬಲ್ಲವರ ಮೇಲೆ ಅವರಿಗೆ ನಂಬಿಕೆ ಬರುತ್ತದೆ. 'ಕೇಳಿ ಹೇಳುತ್ತೇನೆ' ಎಂದು ನಾಲ್ಕು ಸಲ ಅಂದವರ ಮೇಲೆ ಬರುವುದಿಲ್ಲ.

ದಿನವಿಡೀ ಏನು ಅಂದಿರಿ. ಹೊಸಬರನ್ನು ಹುಡುಕುವುದು, ಭೇಟಿ, ಎಗ್ಸಿಬಿಷನ್ ಎಲ್ಲಾ ಇದೆ. ಆದರೆ ನನ್ನ ಸಮಯ ಜಾಸ್ತಿ ಹೋಗುವುದು ಎನ್‌ಕ್ವೈರಿ, ಅಂದರೆ 'ಈ ಪಾರ್ಟ್‌ಗೆ ರೇಟ್ ಹೇಳಿ' ಎಂಬ ಕೋರಿಕೆ, ಬಂದಮೇಲೆ. ಡ್ರಾಯಿಂಗ್ ಬಿಡಿಸಿಟ್ಟುಕೊಂಡು ಇದು ನಮ್ಮ ಕೈಲಾಗುವ ಪಾರ್ಟಾ ಎಂದು ನೋಡಬೇಕು. ಶಾಪ್‌ನವರು, ಟೂಲ್ ರೂಮ್, ಕ್ವಾಲಿಟಿ, ಎಲ್ಲರನ್ನೂ ಒಂದು ಟೇಬಲ್‌ಗೆ ಕೂರಿಸಬೇಕು. ಆಮೇಲೆ ರೇಟ್.

ಒಂದು ಸಣ್ಣ ಲೆಕ್ಕ ನೋಡಿ. 50 ಮಿ.ಮೀ. ರೌಂಡ್ ಬಾರ್, 100 ಮಿ.ಮೀ. ಉದ್ದದ ಸ್ಟೀಲ್ ಪಾರ್ಟ್. ತಯಾರಾದ ಮೇಲಿನ ತೂಕ 900 ಗ್ರಾಂ ಎಂದಿಟ್ಟುಕೊಳ್ಳಿ. ಹೊಸಬರು 900 ಗ್ರಾಂಗೇ ಮೆಟೀರಿಯಲ್ ರೇಟ್ ಹಾಕಿಬಿಡುತ್ತಾರೆ. ಆದರೆ ಆ ತುಂಡಿನ ತೂಕವೇ 1.54 ಕೆ.ಜಿ. ಕಟಿಂಗ್‌ಗೆ 3 ಮಿ.ಮೀ., ತುದಿ ಸಮ ಮಾಡುವ ಫೇಸಿಂಗ್‌ಗೆ 1 ಮಿ.ಮೀ. ಸೇರಿಸಿದರೆ 1.6 ಕೆ.ಜಿ. ಆಗುತ್ತದೆ. ಬಾರ್ ಹಿಡಿಯುವ ಚಕ್‌ನಲ್ಲಿ ಕೊನೆಗೆ ಉಳಿಯುವ ತುಂಡು ಬೇರೆ. ಸೈಕಲ್ ಟೈಮ್ ಕಥೆಯೂ ಹಾಗೇ. 6 ನಿಮಿಷದ ಪಾರ್ಟ್ 8 ಗಂಟೆ ಶಿಫ್ಟ್‌ಗೆ 80 ಬರುತ್ತದೆ ಎಂದು ಪೇಪರ್ ಹೇಳುತ್ತದೆ. 85 ಪರ್ಸೆಂಟ್ ಎಫಿಶಿಯೆನ್ಸಿ ಹಿಡಿದರೆ ಬರುವುದು 68. ಆ 12 ಪೀಸ್‌ನ ಖರ್ಚು ಯಾರ ತಲೆಗೆ? ಪ್ಲಾನಿಂಗ್‌ನಲ್ಲಿದ್ದ ನಿಮಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ, ಅಲ್ವಾ? ಅದೇ ನಿಮ್ಮ ಬಂಡವಾಳ.

ಇನ್ನೊಬ್ಬ ಸದಸ್ಯರು: ಮೇಡಂ ಮಾತು ಪೂರ್ತಿ ಒಪ್ಪಲಾರೆ. ಲೆಕ್ಕ ಎಲ್ಲರೂ ಮಾಡುತ್ತಾರೆ. ಕೊನೆಗೆ ಆರ್ಡರ್ ಸಿಗುವುದು ಪರಿಚಯದಿಂದ.

ಉತ್ತರ: ಸರ್, ಪರಿಚಯದಿಂದ ಬಾಗಿಲು ತೆರೆಯುತ್ತದೆ, ನಿಜ. ಎನ್‌ಕ್ವೈರಿ ಬೇಗ ಬರುತ್ತದೆ, ಪೇಮೆಂಟ್ ತಡವಾದಾಗ ಫೋನ್ ಎತ್ತುತ್ತಾರೆ. ಆದರೆ ಸ್ಯಾಂಪಲ್ ಗೇಜ್‌ಗೆ ಹೋಗದಿದ್ದರೆ ಪರಿಚಯ ಏನು ಮಾಡುತ್ತದೆ?

ನನ್ನದೇ ಒಂದು ತಪ್ಪು ಹೇಳುತ್ತೇನೆ. ಈ ಕಡೆ ಬಂದ ಎರಡನೇ ವರ್ಷ. ಎಂ8, ಅಂದರೆ 8 ಮಿ.ಮೀ. ಥ್ರೆಡ್ ಇರುವ ಒಂದು ಸ್ಟಡ್ (ತಲೆಯಿಲ್ಲದ ಬೋಲ್ಟ್). ಮೇಲೆ 8 ಮೈಕ್ರಾನ್ ಜಿಂಕ್ ಪ್ಲೇಟಿಂಗ್. ಪರಿಚಯದವರದೇ ಕಂಪನಿ, ಅವಸರ ಇತ್ತು, ಒಂದೇ ದಿನದಲ್ಲಿ ರೇಟ್ ಕೊಟ್ಟೆ. ಪ್ಲೇಟಿಂಗ್ ಜಾಗದ ಬಗ್ಗೆ ನಾನೂ ಕೇಳಲಿಲ್ಲ, ಶಾಪ್‌ಗೂ ಹೇಳಲಿಲ್ಲ. ಅವರು ಥ್ರೆಡ್ ಅನ್ನು ಮೇಲಿನ ಲಿಮಿಟ್‌ಗೆ ಹತ್ತಿರ ಮಾಡಿದರು. ಡ್ರಾಯಿಂಗ್ ಪ್ರಕಾರ ಸರಿಯೇ. ಆದರೆ ಥ್ರೆಡ್‌ನಲ್ಲಿ ಪ್ಲೇಟಿಂಗ್ ದಪ್ಪದ ನಾಲ್ಕರಷ್ಟು ಪಿಚ್ ಡಯಾಮೀಟರ್ (ಥ್ರೆಡ್‌ನ ಹಲ್ಲಿನ ನಡುಮಟ್ಟದ ವ್ಯಾಸ) ಬೆಳೆಯುತ್ತದೆ. 8 ಇದ್ದರೆ 32 ಮೈಕ್ರಾನ್. ಎಂ8 6ಜಿ (ಥ್ರೆಡ್‌ನ ಅಳತೆ ಮಿತಿಯ ದರ್ಜೆ) ಥ್ರೆಡ್‌ನಲ್ಲಿ ಪ್ಲೇಟಿಂಗ್‌ಗೆ ಅಂತ ಸಿಗುವ ಜಾಗ 28. ಪ್ಲೇಟಿಂಗ್ ಮುಗಿಸಿ ಬಂದ ಪೀಸ್‌ಗೆ ಸರಿಯಿರುವ ಥ್ರೆಡ್‌ಗೆ ಪೂರ್ತಿ ಹೋಗಬೇಕಾದ ಗೋ ರಿಂಗ್ ಗೇಜ್ ಹಾಕಿದೆವು. ಎರಡು ಸುತ್ತು ಹೋಗಿ ನಿಂತಿತು. 200 ಸ್ಯಾಂಪಲ್, ಒಂದಾದಮೇಲೆ ಒಂದು ಹಾಗೇ. ನಾನು ಸುಮ್ನೆ ನಿಂತು ನೋಡುತ್ತಿದ್ದೆ. ಹೊಸದಾಗಿ ಮಾಡಿಕೊಟ್ಟೆವು, ಖರ್ಚು ನಮ್ಮದೇ. ಅದಕ್ಕಿಂತ ಹೆಚ್ಚಾಗಿ, ಮುಂದಿನ ಎರಡು ಎನ್‌ಕ್ವೈರಿ ನಮಗೆ ಬರಲಿಲ್ಲ. ಈಗ ಯಾವ ಡ್ರಾಯಿಂಗ್ ಬಂದರೂ ನನ್ನ ಮೊದಲ ಪ್ರಶ್ನೆ ಒಂದೇ: ಅಳತೆ ಪ್ಲೇಟಿಂಗ್‌ಗೆ ಮೊದಲಿನದೋ, ಆಮೇಲಿನದೋ?

ಮೂರನೆಯ ಸದಸ್ಯರು: ನಮ್ಮ ಕಷ್ಟ ಬೇರೆ ಮೇಡಂ. ತಿಂಗಳಿಗೆ 40 ಕೊಟೇಶನ್ ಕಳಿಸುತ್ತೇವೆ. ಮೂವತ್ತಕ್ಕೆ ಉತ್ತರವೇ ಇಲ್ಲ.

ಉತ್ತರ: 40 ಯಾಕೆ ಕಳಿಸುತ್ತೀರಿ? ಅಷ್ಟರಲ್ಲಿ ಎಷ್ಟೋ ಜನ ಈಗಿರುವ ಸಪ್ಲೈಯರ್‌ನ ರೇಟ್ ಇಳಿಸಲು ನಿಮ್ಮ ಕಾಗದ ತೋರಿಸುತ್ತಿರುತ್ತಾರೆ. ತಪ್ಪೇನಲ್ಲ, ಅದು ಅವರ ಕೆಲಸ. ಆದರೆ ಅದಕ್ಕಾಗಿ ನಿಮ್ಮ ಎಸ್ಟಿಮೇಷನ್‌ನವರು ರಾತ್ರಿ ಕೂರಬೇಕಿಲ್ಲ. ರೇಟ್ ಹಾಕುವ ಮೊದಲೇ ಫೋನ್ ಮಾಡಿ ಕೇಳಿ. ಈಗ ಯಾರು ಮಾಡಿಕೊಡುತ್ತಿದ್ದಾರೆ, ಬದಲಿಸುತ್ತಿರುವುದು ಯಾಕೆ? ವರ್ಷಕ್ಕೆ ಎಷ್ಟು ಬೇಕು, ಯಾವಾಗಿಂದ? 'ಈಗಿನವರು ಡೆಲಿವರಿ ತಪ್ಪಿಸುತ್ತಿದ್ದಾರೆ' ಅಂದರೆ ಕೆಲಸ ನಿಜವಾದದ್ದು. 'ಸುಮ್ನೆ ಒಂದು ರೇಟ್ ಕೊಟ್ಟಿರಿ' ಅಂದರೆ ಅಂದಾಜು ಹೇಳಿ ಮುಗಿಸಿ. ಬೇಡ ಎನ್ನುವುದನ್ನೂ ಅದೇ ದಿನ ಹೇಳಿ. ನಾವು ಬೇಗ ಬೇಡ ಅಂದದ್ದಕ್ಕೇ ಆಮೇಲೆ ಬೇರೆ ಪಾರ್ಟ್ ಕಳಿಸಿದವರಿದ್ದಾರೆ.

ಕೊಟೇಶನ್‌ನಲ್ಲಿ ಎರಡು ಸಾಲು ಮರೆಯಬೇಡಿ. ಒಂದು, ಮೆಟೀರಿಯಲ್ ರೇಟ್ ಇಂಥ ತಾರೀಖಿನದು, ಇಷ್ಟು ಏರಿಳಿದರೆ ಬೆಲೆ ಬದಲಾಗುತ್ತದೆ ಎನ್ನುವುದು. ಇನ್ನೊಂದು, ಮಾಲು ಎಲ್ಲಿಯವರೆಗೆ ನಮ್ಮ ಜವಾಬ್ದಾರಿ ಎನ್ನುವುದು. ಅದನ್ನು ಹೇಳುವ ಅಂತರರಾಷ್ಟ್ರೀಯ ವ್ಯಾಪಾರ ನಿಯಮಗಳಾದ ಇನ್‌ಕೋಟರ್ಮ್ಸ್ 2020ರಲ್ಲಿ 11 ಬಗೆ ಇವೆ. ನಮ್ಮ ಗೇಟಿನಲ್ಲೇ ಒಪ್ಪಿಸುವ ಇಎಕ್ಸ್‌ಡಬ್ಲ್ಯೂಗೂ, ಸುಂಕ ಕಟ್ಟಿ ಅವರ ಬಾಗಿಲಿಗೆ ಮುಟ್ಟಿಸುವ ಡಿಡಿಪಿಗೂ ಒಂದೇ ರೇಟ್ ಹೇಳಿ ಕೈ ಸುಟ್ಟುಕೊಂಡವರನ್ನು ನೋಡಿದ್ದೇನೆ.

ಮೂರನೆಯ ಸದಸ್ಯರು: ನಮಗೆ ಐಎಸ್‌ಒ 9001 ಕ್ವಾಲಿಟಿ ಸರ್ಟಿಫಿಕೇಟ್ ಇದೆ. ವಾಹನದ ಕಂಪನಿಗಳಿಗೆ ಅಷ್ಟು ಸಾಕಾ?

ಉತ್ತರ: ಸಾಮಾನ್ಯವಾಗಿ ವಾಹನ ಉದ್ಯಮದ ಕ್ವಾಲಿಟಿ ಸ್ಟ್ಯಾಂಡರ್ಡ್ ಐಎಟಿಎಫ್ 16949 ಕೇಳುತ್ತಾರೆ. ಇನ್ನೂ ಇಲ್ಲ ಅಂದರೆ ಯಾವಾಗ ಆಗುತ್ತದೆ ಎಂದಾದರೂ ಹೇಳಬೇಕು. ಜೊತೆಗೆ ಪಿಪಿಎಪಿ, ಅಂದರೆ ಪಾರ್ಟ್‌ಗೆ ಒಪ್ಪಿಗೆ ಪಡೆಯಲು ಕೊಡುವ ದಾಖಲೆಗಳು. ಅದರಲ್ಲಿ 18 ಅಂಶಗಳಿವೆ, ಸಲ್ಲಿಸುವ ಲೆವೆಲ್‌ಗಳು ಒಟ್ಟು ಐದು. ಬೇರೆ ಹೇಳದಿದ್ದರೆ ಲೆವೆಲ್ 3 ಎಂದುಕೊಳ್ಳಿ. ಈ ಕಾಗದಪತ್ರ, ಗೇಜ್, ಟ್ರಯಲ್ ಪೀಸ್‌ಗಳ ಖರ್ಚನ್ನೂ ರೇಟ್‌ನಲ್ಲಿ ಸೇರಿಸಿ.

ಮೊದಲು ಕೇಳಿದವರು: ಮೇಡಂ, ಸ್ವಲ್ಪ ಧೈರ್ಯ ಬಂತು. ಒಪ್ಪಿಕೊಳ್ಳೋಣ ಅನಿಸುತ್ತಿದೆ. ಟಾರ್ಗೆಟ್ ಬಗ್ಗೆ ಏನು ಮಾತಾಡಿಕೊಳ್ಳಲಿ?

ಉತ್ತರ: ಇದನ್ನು ಒಪ್ಪುವ ಮೊದಲೇ ಮಾತಾಡಿ. ನಮ್ಮ ಕೆಲಸದಲ್ಲಿ ಎನ್‌ಕ್ವೈರಿಯಿಂದ ಮೊದಲ ಬಿಲ್ ತನಕ ವರ್ಷ ಹಿಡಿದರೂ ಆಶ್ಚರ್ಯವಿಲ್ಲ. ವೆಂಡರ್ ಕೋಡ್ (ಅವರ ಸಪ್ಲೈಯರ್ ಪಟ್ಟಿಯಲ್ಲಿ ನಮ್ಮ ನಂಬರ್), ಆಡಿಟ್, ಟೂಲಿಂಗ್, ಸ್ಯಾಂಪಲ್ ಎಲ್ಲಾ ಆಗಬೇಕು. ಮೊದಲ ವರ್ಷ ಬರೀ ಬಿಲ್ಲಿಂಗ್ ಮೇಲೆ ಅಳೆದರೆ ನೀವು ಸೋಲುತ್ತೀರಿ, ಇಲ್ಲವೇ ಕಡಿಮೆ ರೇಟ್‌ಗೆ ಸಿಕ್ಕಿದ್ದನ್ನೆಲ್ಲ ತಂದು ಶಾಪ್‌ನವರ ಬೈಗುಳ ತಿನ್ನುತ್ತೀರಿ. ಎಷ್ಟು ಹೊಸ ಆಡಿಟ್ ಪಾಸಾಯಿತು, ಎಷ್ಟು ಸ್ಯಾಂಪಲ್ ಅಪ್ರೂವ್ ಆಯಿತು ಎನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ ಎಂದು ಬರೆಸಿಕೊಳ್ಳಿ. ಇನ್ನು, ಯಾವ ಎನ್‌ಕ್ವೈರಿಗೆ ಬೇಡ ಅನ್ನಬಹುದು ಎಂಬ ಅಧಿಕಾರ ಯಾರದ್ದು ಎಂದೂ ಕೇಳಿ.

ಮೊದಲು ಕೇಳಿದವರು: ಫೋನ್ ಮಾಡಲು ಹೆದರಿಕೆ, ಅದಕ್ಕೆ?

ಉತ್ತರ: ಡ್ರಾಯಿಂಗ್ ಮುಂದಿಟ್ಟುಕೊಂಡು ಫೋನ್ ಮಾಡಿ. ಮೊದಲ ವಾಕ್ಯವೇ ಪ್ರಶ್ನೆಯಾಗಿರಲಿ. 'ನಿಮ್ಮ ಡ್ರಾಯಿಂಗ್‌ನ ಮೂರನೇ ನೋಟ್‌ನಲ್ಲಿ ಹಾರ್ಡ್‌ನೆಸ್ ಬರೆದಿದೆ, ಕೇಸ್ ಡೆಪ್ತ್ (ಗಟ್ಟಿಯಾದ ಹೊರಪದರದ ಆಳ) ಬರೆದಿಲ್ಲ, ಎಷ್ಟು ಹಿಡಿಯಲಿ?' ಎಂದು ಕೇಳಿ ನೋಡಿ. ಆ ಕಡೆಯವರು ಫೋನ್ ಇಡುವುದಿಲ್ಲ, ಡಿಸೈನ್‌ನವರಿಗೆ ಕೊಡುತ್ತಾರೆ.