ಅಪ್‌ಡೇಟ್: ವಿಎಫ್‌ಡಿ ಆನ್ ಆದ್ರೆ ಕುಣಿಯುತ್ತಿದ್ದ 4–20 ಮಿಲಿಆಂಪ್ ರೀಡಿಂಗ್

ಕೇಳಿದ್ದು ಇಷ್ಟು: ಬೈಕಂಪಾಡಿಯ ಗೇರುಬೀಜ ಘಟಕದಲ್ಲಿ ಡ್ರೈಯರ್ ಬ್ಲೋವರ್‌ನ ವಿಎಫ್‌ಡಿ (ಮೋಟಾರ್ ವೇಗ ಬದಲಿಸುವ ಡ್ರೈವ್) ಓಡಿದ ಕೂಡಲೇ, ಸೆನ್ಸರ್‌ನಿಂದ 4–20 ಮಿಲಿಆಂಪ್ ಕರೆಂಟ್ ಆಗಿ ಪಿಎಲ್‌ಸಿಗೆ (ಯಂತ್ರ ನಿಯಂತ್ರಿಸುವ ಕಂಪ್ಯೂಟರ್) ಬರುವ ತಾಪಮಾನ 6–7 ಡಿಗ್ರಿ ಏರುಪೇರು. ಈಗ ಸರಿಹೋಗಿದೆ.

ಮುಖ್ಯ ತಪ್ಪು ಕೇಬಲ್ ಟ್ರೇಯಲ್ಲೇ ಇತ್ತು. ಮೋಟಾರ್ ಕೇಬಲ್, ಸಿಗ್ನಲ್ ಕೇಬಲ್ ಎರಡೂ 20 ಮೀಟರ್ ಉದ್ದಕ್ಕೆ ತಾಗಿಕೊಂಡೇ ಹೋಗಿದ್ದವು. ಸಿಗ್ನಲ್‌ಗೆ ಬೇರೆ ಜಿಐ (ಸತು ಲೇಪಿತ ಕಬ್ಬಿಣ) ಟ್ರೇ ಹಾಕಿದೆವು, ನಡುವೆ 300 ಮಿ.ಮೀ. ಅಂತರ, ದಾಟಲೇಬೇಕಾದ ಕಡೆ ಲಂಬಕೋನದಲ್ಲಿ. ನಾಯ್ಸ್ (ಸಿಗ್ನಲ್‌ಗೆ ನುಸುಳುವ ವಿದ್ಯುತ್ ಗದ್ದಲ) ಹೆಚ್ಚುಕಮ್ಮಿ ಇಲ್ಲೇ ಹೋಯಿತು.

ಶೀಲ್ಡ್ (ಕೇಬಲ್ ಒಳಗೆ ತಂತಿಗಳ ಸುತ್ತಲಿನ ಲೋಹದ ಹೊದಿಕೆ) ವಿಷಯದಲ್ಲಿ ಎಲ್ಲರೂ ಎಡವುತ್ತಾರೆ. ಸಿಗ್ನಲ್ ಕೇಬಲ್‌ನ ಶೀಲ್ಡ್ ಪ್ಯಾನೆಲ್ ಕಡೆ ಮಾತ್ರ ಅರ್ತ್‌ಗೆ. ಇನ್ನೊಂದು ತುದಿ ಕತ್ತರಿಸಿ ಹೀಟ್‌ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ) ಹಾಕಿ. ಎರಡೂ ಕಡೆ ಕಟ್ಟಿದರೆ, ಅರ್ತ್‌ಗಳ ನಡುವಿನ ವೋಲ್ಟೇಜ್ ವ್ಯತ್ಯಾಸದಿಂದ ಶೀಲ್ಡ್‌ನಲ್ಲೇ ಕರೆಂಟ್ ಹರಿಯುತ್ತದೆ. ಮೋಟಾರ್ ಕೇಬಲ್‌ಗೆ ಉಲ್ಟಾ: ಎರಡೂ ತುದಿಗೆ, ಸುತ್ತಲೂ ಹಿಡಿಯುವ ಕ್ಲ್ಯಾಂಪ್. ಶೀಲ್ಡನ್ನು ಜಡೆಯ ಹಾಗೆ ತಿರುಚಿ ಬೋಲ್ಟ್‌ಗೆ ಸಿಕ್ಕಿಸಿದರೆ ಹೈ ಫ್ರೀಕ್ವೆನ್ಸಿ ನಾಯ್ಸ್‌ಗೆ ಅದು ದಾರಿಯೇ ಅಲ್ಲ.

ರಿಲೇ, ಕಾಂಟ್ಯಾಕ್ಟರ್‌ನಂಥ ವಿದ್ಯುತ್ ಸ್ವಿಚ್‌ಗಳ ಕಾಯಿಲ್ ಆಫ್ ಆಗುವಾಗ ವೋಲ್ಟೇಜ್ ಚಿಮ್ಮುತ್ತದೆ. ಅದನ್ನು ತಡೆಯಲು 24 ವೋಲ್ಟ್ ಡಿಸಿ ರಿಲೇ ಕಾಯಿಲ್‌ಗಳಿಗೆ 1ಎನ್4007 ಡಯೋಡ್, ಕ್ಯಾಥೋಡ್ ಪ್ಲಸ್ ಕಡೆಗೆ. ಎಸಿ ಕಾಂಟ್ಯಾಕ್ಟರ್‌ಗೆ ಡಯೋಡ್ ಬೇಡ, ಆರ್‌ಸಿ ಸ್ನಬ್ಬರ್ (ರೆಸಿಸ್ಟರ್-ಕೆಪಾಸಿಟರ್ ಜೋಡಿ).

ನಮ್ಮ ಕರಾವಳಿಯ ಉಪ್ಪುಗಾಳಿಗೆ ಅರ್ತ್ ಜಾಯಿಂಟ್ ಬೇಗ ಹಸಿರಾಗುತ್ತದೆ: ಪೇಂಟ್ ಕೆರೆದು, ಟಿನ್ ಲೇಪಿತ ಲಗ್ ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ.

ವಿಎಫ್‌ಡಿ ಮುಟ್ಟುವ ಮೊದಲು ಐಸೊಲೇಟರ್ ಆಫ್ ಮಾಡಿ ಬೀಗ ಹಾಕಿ, ಮ್ಯಾನುಯಲ್‌ನಲ್ಲಿ ಹೇಳಿದಷ್ಟು ನಿಮಿಷ ಕಾದು, ಡಿಸಿ ಬಸ್ (ಒಳಗಿನ ಕೆಪಾಸಿಟರ್‌ಗಳಲ್ಲಿ ಉಳಿಯುವ ವೋಲ್ಟೇಜ್) ಇಳಿದಿದೆಯೇ ಎಂದು ಮೀಟರ್‌ನಲ್ಲಿ ನೋಡಿ. ಲೈಟ್ ಆರಿತೆಂದು ಕೈ ಹಾಕಬೇಡಿ, ಮಾರಾಯ್ರೆ.