ಸಹಾಯ ಬೇಕು: ಬಿಸಿಲು ಏರಿದ್ರೆ ಒಂದು ಸೋಲಾರ್ ಇನ್ವರ್ಟರ್ ಆಫ್ ಆಗ್ತಿದೆ

ಸೋಮವಾರಪೇಟೆ ಹತ್ರ ನಮ್ಮ ಕಾಫಿ ತೋಟ. ಮನೆ ಮೇಲೆ 3 ಕಿಲೋವ್ಯಾಟ್ ಆನ್‌ಗ್ರಿಡ್ (ಕರೆಂಟ್ ಲೈನಿಗೇ ಸೇರಿಸೋದು) ಇನ್ವರ್ಟರ್ ಮೊದಲೇ ಇತ್ತು. ಈ ವರ್ಷ ಕಣದ ಪಕ್ಕದ ಗೋಡೌನ್ ಮೇಲೆ 5 ಕಿಲೋವ್ಯಾಟ್‌ದು ಹಾಕಿಸಿದ್ವಿ. ಮನೆಗೆ ತ್ರೀ ಫೇಸ್ ಇದ್ರೂ ಎರಡನ್ನೂ ಒಂದೇ ಫೇಸಿಗೆ ಕೊಟ್ಟಿದ್ದಾರೆ.

ಮಂಜು ಇರೋವರೆಗೂ ತೊಂದ್ರೆ ಇಲ್ಲ. ಹನ್ನೊಂದೂವರೆ ಆಯ್ತು ಅಂದ್ರೆ ಗೋಡೌನಿಂದು 'ಗ್ರಿಡ್ ಓವರ್ ವೋಲ್ಟೇಜ್' ಅಂತ ಕೆಂಪು ಲೈಟ್ ಹಾಕ್ಕೊಂಡು ಕೂತ್ಬಿಡುತ್ತೆ. ಟ್ರಿಪ್ ಆಗೋ ಮುಂಚೆ ಅದರ ಡಿಸ್‌ಪ್ಲೇಲಿ 264 ವೋಲ್ಟ್, ಅದೇ ಹೊತ್ತಿಗೆ ಮೀಟರ್ ಹತ್ರ ಅಳೆದ್ರೆ 249. ನಡುವೆ 120 ಮೀಟರ್ ಕೇಬಲ್, 6 ಸ್ಕ್ವೇರ್ ಎಂಎಂ ತಾಮ್ರದ್ದು. ಮನೇದನ್ನ ಆಫ್ ಮಾಡಿದ್ರೆ ಇದು ಸುಮ್ನೆ ಓಡುತ್ತೆ! ಕನೆಕ್ಷನ್ನೆಲ್ಲ ಬಿಗಿ ಮಾಡಿಸಿ ನೋಡಿದ್ದಾಯ್ತು.

ಹಾಕಿದವರು ಟ್ರಿಪ್ ಲಿಮಿಟ್ (ಎಷ್ಟು ವೋಲ್ಟಿಗೆ ಆಫ್ ಆಗ್ಬೇಕು ಅನ್ನೋ ಸೆಟ್ಟಿಂಗು) ಏರಿಸ್ತೀವಿ ಅಂತಾರೆ, ನಂಗೆ ಧೈರ್ಯ ಇಲ್ಲ. ಫ್ರಿಜ್ಜು, ಪಂಪು ಎಲ್ಲ ಅದೇ ಲೈನಲ್ಲಿವೆ.

ಗೋಡೌನಿಂದನ್ನ ಬೇರೆ ಫೇಸಿಗೆ ಹಾಕಿಸಿದ್ರೆ ಸಾಕಾ, ಇಲ್ಲ ಕೇಬಲ್ಲೇ ದಪ್ಪದ್ದು ಎಳೆಸ್ಬೇಕಾ? ಎಳೆಸೋದಾದ್ರೆ ಎಷ್ಟು ಸ್ಕ್ವೇರ್ ಎಂಎಂ?