ಗ್ಲೇವ್ ಹಿಡಿದರೂ ಗಾಬ್ಲಿನ್ ಒಳಗೆ ನುಗ್ಗುತ್ತದೆ: ಆಡಿದವರು ಅನುಭವ ಹೇಳಿ

ಹೊಸ ಗ್ಲೇವ್: ಡಿ ಆಂಡ್ ಡಿ ಎಂಬ ಪಾತ್ರ ಕಟ್ಟಿ ಆಡುವ ಟೇಬಲ್ ಆಟದಲ್ಲಿ ನನ್ನದು ಮೂರನೇ ಲೆವೆಲ್ ಫೈಟರ್, 2014ರ ನಿಯಮ. ಉದ್ದ ಕೋಲಿನ ತುದಿಗೆ ಅಲಗಿರುವ ಗ್ಲೇವ್‌ಗೆ ಹತ್ತಡಿ ರೀಚ್, ಅಂದರೆ ಅಷ್ಟು ದೂರಕ್ಕೆ ತಾಗುತ್ತದೆ. ಆದರೂ ಗಾಬ್ಲಿನ್ ಹತ್ತಡಿಯಿಂದ ಐದಡಿಗೆ ಬಂದರೆ ಹೊಡೆಯುವ ಹಾಗಿಲ್ಲ, ರೀಚ್ ದಾಟಿ ಹೊರಗೆ ಹೋದರೆ ಮಾತ್ರ ಎನ್ನುತ್ತಾರೆ ಆಟ ನಡೆಸುವ ಡಿಎಂ. ನಾಲ್ಕನೇ ಲೆವೆಲ್‌ಗೆ ಪೋಲ್‌ಆರ್ಮ್ ಮಾಸ್ಟರ್ ಎಂಬ ಫೀಟ್ (ವಿಶೇಷ ಕೌಶಲ) ತೆಗೆದುಕೊಳ್ಳಲೋ ಬೇಡವೋ?

ಹತ್ತಡಿ ಗೋಡೆ: ನಾನು ವೇರಿಯಂಟ್ ಹ್ಯೂಮನ್, ಒಂದನೇ ಲೆವೆಲ್‌ಗೇ ಫೀಟ್ ಸಿಗುವ ಮನುಷ್ಯ ಪಾತ್ರ. ಒಂದಕ್ಕೆ ಪೋಲ್‌ಆರ್ಮ್ ಮಾಸ್ಟರ್, ನಾಲ್ಕಕ್ಕೆ ಸೆಂಟಿನೆಲ್. ಮೊದಲನೆಯದರಿಂದ ರೀಚ್ ಒಳಗೆ ಕಾಲಿಟ್ಟರೆ ಏಟು, ಎರಡನೆಯದರಿಂದ ಏಟು ಬಿದ್ದರೆ ಸ್ಪೀಡ್ ಸೊನ್ನೆ. ಓಗರ್ ಒಂದನ್ನು ಹತ್ತಡಿಯಲ್ಲೇ ನಿಲ್ಲಿಸಿದ್ದೆ. ಅದರ ಗದೆ ಐದಡಿ ಅಷ್ಟೇ. ಟೇಬಲ್ ಎಲ್ಲ ಚಪ್ಪಾಳೆ. ಓಗರ್ ಸುಮ್ನೆ ಜಾವೆಲಿನ್ ಎಸೆಯಿತು, ನನ್ನ ಜೀವದ ಅಂಕ 13 ಹೋಯಿತು. ಬೆಲೆ ಏನು ಗೊತ್ತಾ? ನಾಲ್ಕಕ್ಕೆ ಸ್ಟ್ರೆಂತ್ ಏರಿಸುವ ಬದಲು ಫೀಟ್ ತೆಗೆದುಕೊಂಡೆ, ಆರನೇ ಲೆವೆಲ್ ತನಕ ಅದು 16ರಲ್ಲೇ ಕೊಳೆಯಿತು. ಪಕ್ಕದ ಬಾರ್ಬೇರಿಯನ್‌ಗೆ ನಾಲ್ಕಕ್ಕೇ 18. ಮುಂದಿನ ಸೆಷನ್‌ನಲ್ಲಿ ನಾಲ್ಕು ಆರ್ಕ್ ಬಂದವು. ಬೇರೆಯವರ ಸರದಿಯಲ್ಲಿ ಹೊಡೆಯುವ ರಿಯಾಕ್ಷನ್ ಇರುವುದು ಪ್ರತಿ ಸುತ್ತಿನಲ್ಲಿ ಒಂದೇ. ಒಂದನ್ನು ತಡೆದೆ, ಮೂರು ದಾಟಿಹೋಗಿ ವಿಝರ್ಡ್‌ನ ಕಥೆ ಮುಗಿಸಿದವು. ಅವನು ಇವತ್ತಿಗೂ ಅದನ್ನೇ ಎತ್ತಿ ಆಡುತ್ತಾನೆ. ಆಮೇಲೆ ಟೇಬಲ್ 2024ರ ನಿಯಮಕ್ಕೆ ಹೋಯಿತು. ಸೆಂಟಿನೆಲ್ ನಿಲ್ಲಿಸುವುದು ಆಪರ್ಚುನಿಟಿ ಅಟ್ಯಾಕ್ (ಶತ್ರು ರೀಚ್ ಬಿಟ್ಟು ಹೋಗುವಾಗ ಸಿಗುವ ಏಟು) ಬಿದ್ದರೆ ಮಾತ್ರ; ಒಳಗೆ ಬಂದಾಗಿನ ಏಟು ಈಗ ಅದೇ ಅಲ್ಲವಂತೆ, ಹಾಗಾಗಿ ನಿಲ್ಲಿಸುವುದಿಲ್ಲ. ಎಂಟು ತಿಂಗಳು ಕಟ್ಟಿದ್ದು ಒಂದು ವಾಕ್ಯಕ್ಕೆ ಬಿತ್ತು.

ಮುಳ್ಳು ಸರಪಳಿ: ಫೀಟ್ ಕೊಟ್ಟು ಕೊಂಡದ್ದಕ್ಕೆ ಇಷ್ಟು ಜಂಬವೇ? ಡಿ ಆಂಡ್ ಡಿಯ ಹಳೆಯ 3.5 ಆವೃತ್ತಿಯಲ್ಲಿ ಆಯುಧ ತಾಗುವ ಒಂದು ಚೌಕ ಬಿಟ್ಟು ಇನ್ನೂ ಒಳಗೆ ಬಂದರೂ ಏಟು ಇತ್ತು. ಗ್ಲೇವ್ ಪಕ್ಕದವನಿಗೆ ತಾಗುತ್ತಿರಲಿಲ್ಲ, ಅದಕ್ಕೇ ನಾನು ಪಕ್ಕಕ್ಕೂ ದೂರಕ್ಕೂ ತಾಗುವ ಸ್ಪೈಕ್ಡ್ ಚೈನ್ (ಮುಳ್ಳು ಸರಪಳಿ) ಹಿಡಿದೆ. 25 ಚಿನ್ನ, ನಾಲ್ಕು ಫೀಟ್, ಬೀಳಿಸುವ ಫೀಟ್‌ಗಾಗಿ ಇಂಟೆಲಿಜೆನ್ಸ್ 13. ಫೈಟರ್‌ಗೆ ಅಷ್ಟು ಬುದ್ಧಿ! ಡೆಕ್ಸ್ (ಚುರುಕುತನ) 14, ಕಾಂಬ್ಯಾಟ್ ರಿಫ್ಲೆಕ್ಸಸ್ ಫೀಟ್, ಅಂದರೆ ಪ್ರತಿ ಸುತ್ತಿನಲ್ಲಿ ಇಂಥ ಮೂರು ಏಟು. ಆದರೆ ನಮ್ಮ ಡಿಎಂ ಜಾಣ. ಪ್ರತಿ ಶತ್ರುವೂ ಐದಡಿ ಸ್ಟೆಪ್ ಇಟ್ಟೇ ಒಳಗೆ ಬರುತ್ತಿತ್ತು, ಅದಕ್ಕೆ ಏಟಿಲ್ಲ. ಕೊನೆಗೆ ಪಾಥ್‌ಫೈಂಡರ್ ಎಂಬ ಬೇರೆ ಆಟಕ್ಕೆ ಹೋದೆವು. ಅಲ್ಲಿ ಚೈನ್‌ಗೆ ರೀಚೇ ಇಲ್ಲ. ಎರಡು ವರ್ಷದ ಪಾತ್ರ ಒಂದೇ ಸಂಜೆಗೆ ಕುಳ್ಳಾಯಿತು.

ಹತ್ತಡಿ ಗೋಡೆ: ಕೇಳಿದ್ದು 2014. ತಾತನ ಕಾಲದ ಸರಪಳಿ ಯಾರಿಗೆ ಬೇಕಿತ್ತು ಸ್ವಾಮಿ?

ಈಟಿ ಗುರಾಣಿ: ಇಬ್ಬರೂ ಸುಮ್ಮನಿರಿ. ಎರ್ರಾಟಾ (ಪುಸ್ತಕದ ತಿದ್ದುಪಡಿ) ಬಂದ ಮೇಲೆ ಪೋಲ್‌ಆರ್ಮ್ ಮಾಸ್ಟರ್ ಈಟಿಗೂ ನಡೆಯುತ್ತದೆ. ಈಟಿ 1 ಚಿನ್ನ, ಗುರಾಣಿ 10. ಗ್ಲೇವ್ ಒಂದಕ್ಕೇ 20. ರೀಚ್ ಐದಡಿ ಇರಲಿ ಬಿಡಿ, ಏಟು ತಾಗದಂತೆ ಕಾಯುವ ಅಂಕ, ಎಸಿ, ಎರಡು ಜಾಸ್ತಿ. ಹನ್ನೊಂದು ಸೆಷನ್‌ನಲ್ಲಿ ಒಂದು ಸಲವೂ ಬಿದ್ದಿಲ್ಲ.

ಹತ್ತಡಿ ಗೋಡೆ: ಬಾಗಿಲಲ್ಲಿ ನಿಂತಿದ್ದರೆ ಯಾರೂ ಬೀಳುವುದಿಲ್ಲ. ಬಯಲಿಗೆ ಬನ್ನಿ.

ಮೂಲೆ ಚೌಕ: ಇವೆಲ್ಲ ಬಿಡಿ, ನಕ್ಷೆಯ ಚೌಕಗಳಲ್ಲಿ ಓರೆಯಾಗಿ ನಡೆದರೆ ಎಷ್ಟು ಅಡಿ ಅಂತ ಮೊದಲು ಕೇಳಿಕೊಳ್ಳಿ. ನಮ್ಮ ಡಿಎಂ ಐದು-ಹತ್ತು-ಐದು ಲೆಕ್ಕದವರು, ಮೊದಲ ಓರೆ ಚೌಕ ಐದಡಿ, ಎರಡನೆಯದು ಹತ್ತು. ಮೂಲೆಗೆ ಎರಡು ಚೌಕ, 15 ಅಡಿ, ಹತ್ತಡಿ ರೀಚ್‌ಗೆ ಸಿಗದು ಎಂದರು. ತೋಳ ಅಲ್ಲಿಂದಲೇ ಜಾರಿ ನಮ್ಮ ಕ್ಲೆರಿಕ್‌ನನ್ನು ಕಚ್ಚಿತು.

ಮುಳ್ಳು ಸರಪಳಿ: 3.5ರಲ್ಲಿ ರೀಚ್ ಆಯುಧಕ್ಕೆ ಆ ಮೂಲೆ ಹತ್ತಡಿಯೇ, ವಿನಾಯಿತಿ ಬರೆದೇ ಇತ್ತು.

ಈಟಿ ಗುರಾಣಿ: ಮತ್ತೆ ತಾತನ ಪುಸ್ತಕ! ಇಲ್ಲಿ ಪ್ರತಿ ಚೌಕವೂ ಐದಡಿ. ಐದು-ಹತ್ತು-ಐದು ಬೇಕಾದರೆ ಸೇರಿಸಿಕೊಳ್ಳುವ ನಿಯಮ ಅಷ್ಟೇ.

ಹೊಸ ಗ್ಲೇವ್: ಹಾಗಾದರೆ ಫೀಟ್ ತೆಗೆದುಕೊಳ್ಳಲಾ?

ಮೂಲೆ ಚೌಕ: ಬೇಕಾದರೆ ಅಂತೀರಲ್ಲ, ಕ್ಲೆರಿಕ್ ಸತ್ತದ್ದು ಬೇಕಾಗಿಯಾ?